ಬೇಸಿಕ್ ಭಾಷೆಯ ನಿರ್ಮಾತೃ ಜಾನ್ ಕೆಮೆನಿ

ಗಣಕಯಂತ್ರದ ತೆರೆಯ ಮೇಲೆ ಚೆಂಡೊಂದು ಗೋಡೆಗೆ ತಾಗಿ ಹಿಂದಿರುಗುವುದನ್ನು ಕಂಡು ನಲಿಯುವ ಮಕ್ಕಳಿಗೆ ಇಂದು ಲೆಕ್ಕವಿಲ್ಲ. ಆ ಚೆಂಡು ಏಕೆ ಹಿಂದಿರುಗಿತು, ಅದನ್ನು ಹಿಂದಿರುಗಿಸಿದ ಆದೇಶ ಯಾವುದು ಎಂದು ವಿಚಾರಿಸಿ, ಆ ಆದೇಶದ ಸಾಲನ್ನೇ ತೆರೆದು ಓದಿ, ಬೇಕಾದರೆ ತಿದ್ದಿ ಮತ್ತೆ ಆಡಬಹುದಾಗಿದ್ದ ಕಾಲವೊಂದಿತ್ತು. ಆ ಅವಕಾಶವನ್ನು ಕಲ್ಪಿಸಿದ್ದು ಬೇಸಿಕ್ ಎಂಬ ಗಣಕಭಾಷೆ. ಅದನ್ನು ಸಹೋದ್ಯೋಗಿ ಥಾಮಸ್ ಕರ್ಟ್ಸ್ ಅವರೊಡಗೂಡಿ ರೂಪಿಸಿದವರು ಗಣಿತಜ್ಞ ಜಾನ್ ಜಾರ್ಜ್ ಕೆಮೆನಿ. ಗಣಿತ, ಭೌತವಿಜ್ಞಾನ, ತತ್ತ್ವಶಾಸ್ತ್ರ, ವಿದ್ಯಾಸಂಸ್ಥೆಯ ಆಡಳಿತ ಇವೆಲ್ಲವುಗಳಲ್ಲಿ ಕೈಯಾಡಿಸಿದ ಈ ಮಹನೀಯರ ಹೆಸರು ಇಂದಿಗೂ ಉಳಿದಿರುವುದು ಮಾತ್ರ ಹತ್ತಿಪ್ಪತ್ತು ಸರಳ ಪದಗಳ ಆ ಭಾಷೆಯಿಂದಲೇ.

ಕೆಮೆನಿಯವರು 1926ನೆಯ ಇಸವಿಯ ಮೇ 31ರಂದು ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. 1938ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದಾಗ, ಮುಂದೆ ಬರಲಿದ್ದ ವಿಪತ್ತನ್ನು ತಂದೆ ಟಿಬೋರ್ ಕೆಮೆನಿಯವರು ಮನಗಂಡು ಅಮೆರಿಕಕ್ಕೆ ತೆರಳಿದರು. 1940ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆಸಿಕೊಂಡರು. ಊರು ಬಿಟ್ಟು ಬರಲೊಪ್ಪದ ಅಜ್ಜನೂ ಇತರ ಕೆಲವು ಬಂಧುಗಳೂ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಇಂಗ್ಲಿಷ್ ಅಷ್ಟಾಗಿ ಬಾರದೆ ನ್ಯೂಯಾರ್ಕಿನ ಶಾಲೆಗೆ ಸೇರಿದ ಬಾಲಕನು ಮೂರೇ ವರ್ಷಗಳಲ್ಲಿ, 1943ರಲ್ಲಿ, ತನ್ನ ತರಗತಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದನು.

ವ್ಯಾಸಂಗ ಮುಗಿಯುವ ಮೊದಲೇ ಯುದ್ಧದ ಕರೆ ಬಂದಿತು. 1945ರಲ್ಲಿ ಅವರನ್ನು ಪರಮಾಣು ಬಾಂಬಿನ ನಿರ್ಮಾಣ ನಡೆಯುತ್ತಿದ್ದ ಲಾಸ್ ಅಲಮೋಸ್‌ಗೆ ಕಳುಹಿಸಲಾಯಿತು. ಅಲ್ಲಿನ ಲೆಕ್ಕಾಚಾರದ ವಿಭಾಗದಲ್ಲಿ ರಿಚರ್ಡ್ ಫೈನ್‌ಮನ್ ಅವರ ಕೈಕೆಳಗೆ ದುಡಿದರು. ಇದ್ದುದು ಐ.ಬಿ.ಎಂ. ಕಂಪನಿಯ 17 ಯಂತ್ರಗಳು, ಅವನ್ನು ನಡೆಸಲು ಸುಮಾರು 20 ಮಂದಿ. ರಂಧ್ರ ಕೊರೆದ ರಟ್ಟುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕೈಯಿಂದಲೇ ಹೊತ್ತು, ಹಗಲಿರುಳು ಮೂರು ಪಾಳಿಗಳಲ್ಲಿ ದುಡಿದರೂ ಒಂದು ಸಮೀಕರಣದ ಉತ್ತರ ದೊರೆಯಲು ವಾರಗಳೇ ಹಿಡಿಯುತ್ತಿದ್ದವು. ಅಲ್ಲಿ ವರ್ಷಪೂರ್ತಿ ಅಷ್ಟು ಜನ ಸೇರಿ ಮಾಡಿದ ಲೆಕ್ಕವನ್ನು ಸುಮಾರು ಕಾಲು ಶತಮಾನದ ಬಳಿಕ ತಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಲ್ಲನೆಂಬುದನ್ನು ಕೆಮೆನಿಯವರು ತಮ್ಮ ಬರಹದಲ್ಲಿ ಬೆರಗಿನಿಂದ ನೆನೆದಿದ್ದಾರೆ. ಯಂತ್ರದ ಮುಂದೆ ಮನುಷ್ಯನು ಸಾಲುಗಟ್ಟಿ ಕಾಯುವ ಕಷ್ಟವನ್ನು ಅವರು ಕಣ್ಣಾರೆ ಕಂಡಿದ್ದರು. ಆ ಅನುಭವವೇ ಮುಂದೆ ಫಲ ನೀಡಿತು.

ಯುದ್ಧಾನಂತರ ಪ್ರಿನ್ಸ್‌ಟನ್ನಿಗೆ ಮರಳಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಅದೇ ಅವಧಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಗಣಿತದ ಸಹಾಯಕರಾಗಿಯೂ ಸೇವೆ ಸಲ್ಲಿಸಿದರು. 1953ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹ್ಯಾನೊವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜು ಅವರನ್ನು ಗಣಿತದ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮುಂದೆ ಕೊನೆಯವರೆಗೂ ಅವರ ಕಾರ್ಯಕ್ಷೇತ್ರ ಆ ಕಾಲೇಜೇ ಆಯಿತು.

1956ರಲ್ಲಿ ಕರ್ಟ್ಸ್ ಅವರು ಡಾರ್ಟ್‌ಮತ್ ಸೇರಿದರು. ಕಾಲೇಜಿನಲ್ಲಿ ಗಣಕಯಂತ್ರವಿರಲಿಲ್ಲ. ರಂಧ್ರಪತ್ರಗಳ ಪೆಟ್ಟಿಗೆಯನ್ನು ಹೊತ್ತು, ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಬಾಸ್ಟನ್ ಕಡೆಗೆ ಪ್ರಯಾಣ ಮಾಡಿ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಯಂತ್ರದಲ್ಲಿ ಲೆಕ್ಕ ಮಾಡಿಸಿಕೊಂಡು ಬರಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಹದಿನೈದು ದಿನ! ಯಂತ್ರವೊಂದನ್ನು ಅನೇಕರು ಏಕಕಾಲಕ್ಕೆ ಹಂಚಿಕೊಂಡು ಬಳಸುವ ಉಪಾಯವನ್ನು ಆ ಸಂಸ್ಥೆಯ ಜಾನ್ ಮೆಕಾರ್ಥಿಯವರು ಕರ್ಟ್ಸ್ ಅವರಿಗೆ ಸೂಚಿಸಿದರು. ಗಣಕವು ಒಬ್ಬನ ಕೆಲಸವನ್ನು ಕ್ಷಣಕಾಲ ಮಾಡಿ, ಮತ್ತೊಬ್ಬನದಕ್ಕೆ ಹೋಗಿ, ಸರದಿಯಂತೆ ಸುತ್ತಿ ಬಂದರೆ, ಪ್ರತಿಯೊಬ್ಬನಿಗೂ ಯಂತ್ರವು ತನ್ನೊಬ್ಬನದೇ ಎನಿಸುತ್ತದೆ.

ಡಾರ್ಟ್‌ಮತ್ ವಿದ್ಯಾರ್ಥಿಗಳಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳುತ್ತಿದ್ದವರು ಸುಮಾರು ಕಾಲುಭಾಗದಷ್ಟು ಮಂದಿ. ಮಿಕ್ಕವರು ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರಗಳ ಹುಡುಗರು. ಆದರೆ ನಾಳೆ ಸರ್ಕಾರವನ್ನೂ ಉದ್ಯಮವನ್ನೂ ನಡೆಸುವವರು ಅವರೇ. ಗಣಕಯಂತ್ರದ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವವರೂ ಅವರೇ. ಅಂಥವರು ಯಂತ್ರವನ್ನು ಮುಟ್ಟದೆಯೇ ಪದವಿ ಪಡೆದು ಹೋಗುವುದು ಸಲ್ಲದೆಂಬುದು ಕೆಮೆನಿಯವರ ದೃಢವಾದ ನಿಲುವಾಗಿತ್ತು. ಗ್ರಂಥಾಲಯದಲ್ಲಿ ಕಪಾಟಿನವರೆಗೆ ನಡೆದುಹೋಗಿ ಪುಸ್ತಕ ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಡವಷ್ಟೆ? ಗಣಕವೂ ಹಾಗೆಯೇ ಇರಬೇಕು; ಶುಲ್ಕವೂ ಇರಕೂಡದು, ಕಾರಣ ಹೇಳಬೇಕಾದ ಕಟ್ಟಳೆಯೂ ಇರಕೂಡದು ಎಂದು ಅವರು ಎಣಿಸಿದರು.

ಇದಕ್ಕೆ ಆಗ ಪ್ರಚಾರದಲ್ಲಿದ್ದ ಭಾಷೆಗಳು ತಕ್ಕವಾಗಿರಲಿಲ್ಲ. 1963ರಲ್ಲಿ ಕೆಮೆನಿಯವರು ಹೊಸ ಭಾಷೆಯ ರಚನೆಗೆ ತೊಡಗಿದರು. ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್‌ನ ಮೊದಲ ಕರಡು ಅವರದೇ. ಯಂತ್ರವನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ಬಹುಮಟ್ಟಿಗೆ ಕಟ್ಟಿದವರು ಪದವಿ ತರಗತಿಯ ವಿದ್ಯಾರ್ಥಿಗಳು. ವಿದ್ಯಾರ್ಥಿಗಳನ್ನು ನಂಬಿ ಅಷ್ಟು ದೊಡ್ಡ ಕೆಲಸವನ್ನು ವಹಿಸಿದ ಅಧ್ಯಾಪಕರು ಅಂದಿಗೂ ಅಪರೂಪ, ಇಂದಿಗೂ ಅಪರೂಪ. 1964ರ ಮೇ 1ರ ಬೆಳಗಿನ ಜಾವ 4 ಗಂಟೆಗೆ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರದಲ್ಲಿ, ಎರಡು ಟೆಲಿಟೈಪ್‌ಗಳಿಂದ ಏಕಕಾಲದಲ್ಲಿ ಬೇಸಿಕ್ ಆದೇಶಮಾಲೆಗಳು ನಡೆದು ಸರಿಯಾದ ಉತ್ತರವನ್ನು ನೀಡಿದವು.

ಪ್ರಿಂಟ್, ಲೆಟ್, ಇಫ್, ಗೋಟು, ಫಾರ್, ನೆಕ್ಸ್ಟ್, ರೀಡ್, ಡೇಟಾ ಮುಂತಾದ ಆ ಭಾಷೆಯ ಪದಗಳು ಒಂದು ಪುಟವನ್ನೂ ತುಂಬಲಾರವು. ಪ್ರತಿ ಸಾಲಿಗೂ ಒಂದು ಸಂಖ್ಯೆ ಇರಬೇಕು. ಸಾಮಾನ್ಯವಾಗಿ 10, 20, 30 ಎಂದು ಹತ್ತು ಹತ್ತಾಗಿ ಎಣಿಸುವ ರೂಢಿ. ನಡುವೆ ಹೊಸ ಸಾಲು ಸೇರಿಸಬೇಕಾದಾಗ 15 ಎಂದು ಬರೆದರಾಯಿತು. ಮೊದಲ ಆವೃತ್ತಿಯಲ್ಲಿ, ಯಂತ್ರವು ನಡುವೆ ನಿಂತು ಆಡುವವನನ್ನು ಪ್ರಶ್ನಿಸುವ ಇನ್‌ಪುಟ್ ಎಂಬ ಆದೇಶವಿರಲಿಲ್ಲ. 1966ರ ಆವೃತ್ತಿಯಲ್ಲಿ ಅದು ಸೇರಿದೊಡನೆ ಬೇಸಿಕ್ ಆಟದ ಭಾಷೆಯೂ ಆಯಿತು. ಕೆಮೆನಿಯವರೇ ಡಾರ್ಟ್‌ಮತ್ ತಂಡದ ಫುಟ್‌ಬಾಲ್ ಪಂದ್ಯದ ಒಂದು ಆಟವನ್ನು ಬರೆದರು. ಅದರಲ್ಲಿ ಚಿತ್ರವಿಲ್ಲ, ಚೆಂಡು ಎಷ್ಟು ಗಜ ಮುಂದೆ ಹೋಯಿತೆಂಬುದನ್ನು ಯಂತ್ರವು ಮಾತಿನಲ್ಲೇ ಅಚ್ಚು ಹಾಕುತ್ತಿತ್ತು. ಆಟದಿಂದ ಯಂತ್ರದ ವೇಳೆ ಹಾಳಾಗುತ್ತದೆಂದು ಹಲವೆಡೆ ಮೇಲಧಿಕಾರಿಗಳು ಗೊಣಗುತ್ತಿದ್ದ ಆ ದಿನಗಳಲ್ಲಿ, ಆಟವು ಯಂತ್ರದ ಭಯವನ್ನು ಬಿಡಿಸುತ್ತದೆಂದು ಅವರು ಅದನ್ನು ಸ್ವಾಗತಿಸಿದರು.

ಚಿತ್ರವು ಬಂದುದು ಬೇರೊಂದು ದಾರಿಯಿಂದ. ಟೆಲಿಟೈಪ್ ಎಂಬುದು ಬೆರಳಚ್ಚು ಯಂತ್ರದ ದೂರದ ನೆಂಟ. ಸೆಕೆಂಡಿಗೆ 10 ಅಕ್ಷರ, ಸಾಲಿಗೆ 72 ಅಕ್ಷರ ಅದರ ಮಿತಿ. ಅದರಲ್ಲಿ ಚಿತ್ರ ಬರೆಯುವುದೆಂದರೆ ಅಕ್ಷರವನ್ನು ಎಷ್ಟನೆಯ ಸ್ಥಾನದಲ್ಲಿ ಕೂರಿಸಬೇಕೆಂದು ತೀರ್ಮಾನಿಸುವುದೇ ಆಗಿದೆ. ಆ ಕೆಲಸವನ್ನು ಮಾಡುವ ಪದ ಟ್ಯಾಬ್. ಡೇವಿಡ್ ಆಲ್ ಅವರು 1973ರಲ್ಲಿ ಪ್ರಕಟಿಸಿದ, ಮುಂದೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದ ಬೇಸಿಕ್ ಆಟಗಳ ಸಂಕಲನದಲ್ಲಿ ಸೈನ್ ಅಲೆಯನ್ನು ಬರೆಯುವ ಆದೇಶಮಾಲೆಯೊಂದಿದೆ. ಮೇಲ್ನೋಟಕ್ಕೆ ಒಗಟಿನಂತೆ ತೋರುವ ಅದರ ಒಂದು ಸಾಲು ಹೇಳುವುದಿಷ್ಟೆ: ಟಿ ಎಂಬ ಸಂಖ್ಯೆಯ ಸೈನ್ ಬೆಲೆಯನ್ನು 25ರಿಂದ ಗುಣಿಸಿ, 26ನ್ನು ಕೂಡಿಸಿ, ಭಿನ್ನಾಂಶವನ್ನು ಕೈಬಿಡು. ಸೈನ್ ಬೆಲೆ ಎಂದಿಗೂ ಋಣ ಒಂದಕ್ಕಿಂತ ಕೆಳಗಿಳಿಯದು, ಒಂದಕ್ಕಿಂತ ಮೇಲೇರದು. 25ರಿಂದ ಗುಣಿಸಿದಾಗ ಅದು ಋಣ 25ರಿಂದ 25ರವರೆಗೆ ಹಿಗ್ಗುತ್ತದೆ. ಕಾಗದದ ಮೇಲೆ ಋಣಸ್ಥಾನವಿಲ್ಲವಾದುದರಿಂದ 26ನ್ನು ಕೂಡಿಸಿ ಎಲ್ಲವನ್ನೂ ಬಲಕ್ಕೆ ಸರಿಸಲಾಗಿದೆ; ಆಗ ದೊರೆಯುವುದು 1ರಿಂದ 51ರವರೆಗಿನ ಸ್ಥಾನಗಳು. ಅರ್ಧ ಅಕ್ಷರದ ಜಾಗದಲ್ಲಿ ಅಚ್ಚು ಹಾಕಲಾಗದೆಂದು ಭಿನ್ನಾಂಶವನ್ನು ತೆಗೆದದ್ದು. ಟಿ ಸೊನ್ನೆಯಿಂದ 40ರವರೆಗೆ ಕಾಲು ಕಾಲಾಗಿ ಏರುವುದರಿಂದ ಒಟ್ಟು 161 ಸಾಲುಗಳು. ಒಂದು ಅಲೆ ಪೂರ್ಣವಾಗಲು ಸುಮಾರು 25 ಸಾಲು. ಆದುದರಿಂದ ಕಾಗದದ ಮೇಲೆ ಆರು ಅಲೆಗಳೂ ಮೇಲೆ ತುಸುವೂ ಮೂಡುತ್ತವೆ. ತ್ರಿಕೋನಮಿತಿಯ ಪಾಠದಲ್ಲಿ ಆಕಳಿಸುವ ಹುಡುಗನೂ ಇಲ್ಲಿ 25ರ ಬದಲು 10 ಎಂದು ತಿದ್ದಿ ಅಲೆ ಸಪೂರವಾಗುವುದನ್ನು ಕಂಡರೆ ಕಣ್ಣರಳಿಸುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟೆಲಿಟೈಪಿನ ಕಾಗದ ಹಿಂದಕ್ಕೆ ಬಾರದು. ಮೇಲಿನ ಸಾಲನ್ನು ಬರೆದಾದ ಮೇಲೆ ಅದು ಬರೆದಂತೆಯೇ. ಆದುದರಿಂದ ಅಂದಿನ ಚಿತ್ರಗಳೆಲ್ಲ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿದು ಬರುವಂಥವು. ಅಳಿಸುವಂತಿಲ್ಲವಾದ್ದರಿಂದ ಚಲನೆಯೂ ಇಲ್ಲ. ಆಕಾಶನೌಕೆಯ ಯುದ್ಧದಂತಹ ಆಟಗಳಲ್ಲಿ ನೌಕೆ ಸರಿದಾಗಲೆಲ್ಲ ಇಡೀ ನಕ್ಷೆಯನ್ನೇ ಹೊಸದಾಗಿ ಅಚ್ಚು ಹಾಕಬೇಕಾಗುತ್ತಿತ್ತು.

1970ರಲ್ಲಿ ಕೆಮೆನಿಯವರು ಡಾರ್ಟ್‌ಮತ್ ಕಾಲೇಜಿನ 13ನೆಯ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. 1981ರವರೆಗಿನ ಅವರ ಆಡಳಿತದಲ್ಲಿ, ಎರಡು ಶತಮಾನಗಳ ಕಾಲ ಗಂಡುಮಕ್ಕಳಿಗಷ್ಟೇ ತೆರೆದಿದ್ದ ಆ ಕಾಲೇಜು 1972ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಅಸಮಾಧಾನವನ್ನು ಅವರು ಎದುರಿಸಬೇಕಾಯಿತು. ಅಮೆರಿಕದ ಮೂಲನಿವಾಸಿಗಳ ಶಿಕ್ಷಣಕ್ಕಾಗಿಯೇ ಸ್ಥಾಪಿತವಾಗಿ ಅವರನ್ನೇ ಮರೆತಿದ್ದ ಸಂಸ್ಥೆಗೆ ಆ ಹಳೆಯ ಹೊಣೆಯನ್ನು ನೆನಪಿಸಿದವರೂ ಅವರೇ. ಇಷ್ಟೆಲ್ಲ ಕಾರ್ಯಭಾರದ ನಡುವೆಯೂ ವರ್ಷಕ್ಕೆ ಎರಡು ಪಾಠಗಳನ್ನು ಬೋಧಿಸುವುದನ್ನು ಬಿಡಲಿಲ್ಲ.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಕೇಂದ್ರದಲ್ಲಿ ಅಪಘಾತ ಸಂಭವಿಸಿದಾಗ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ನೇಮಿಸಿದ 12 ಸದಸ್ಯರ ಆಯೋಗಕ್ಕೆ ಕೆಮೆನಿಯವರೇ ಅಧ್ಯಕ್ಷರು. ಅದೇ ವರ್ಷದ ಅಕ್ಟೋಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ನಿಯಂತ್ರಣ ಕೊಠಡಿಯ ಬಗೆಗೆ ಬಂದ ಭಾಗವು ನಮ್ಮ ವಿಷಯಕ್ಕೆ ದೂರದ್ದಲ್ಲ. ಅಪಘಾತದ ಆರಂಭದಲ್ಲೇ ನೂರಕ್ಕೂ ಮಿಕ್ಕ ಎಚ್ಚರಿಕೆಯ ಗಂಟೆಗಳು ಒಮ್ಮೆಲೇ ಮೊಳಗಿದವು. ಮುಖ್ಯವಾದುದು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವ ಏರ್ಪಾಡಿರಲಿಲ್ಲ. ಮುಚ್ಚಬೇಕಾಗಿದ್ದ ಕವಾಟವೊಂದು ತೆರೆದೇ ಇತ್ತು. ಆದರೆ ಫಲಕದ ದೀಪವು ತೋರಿಸುತ್ತಿದ್ದುದು ಕವಾಟದ ಸ್ಥಿತಿಯನ್ನಲ್ಲ, ಮುಚ್ಚೆಂಬ ಆದೇಶ ಹೋಗಿದೆ ಎಂಬುದನ್ನು ಮಾತ್ರ. ಯಂತ್ರವು ತೋರುವ ಚಿಹ್ನೆಯ ಹಿಂದೆ ಏನಿದೆ ಎಂಬುದು ಅದನ್ನು ನೋಡುವವನಿಗೆ ತಿಳಿಯದಿದ್ದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇತ್ತ ಬೇಸಿಕ್ ಕಾಲೇಜಿನ ಗೋಡೆಗಳನ್ನು ದಾಟಿ ಮನೆಮನೆಗೆ ನಡೆದಿತ್ತು. 1975ರ ಬಳಿಕ ಬಂದ ಪುಟ್ಟ ಗಣಕಗಳು ಬಹುತೇಕ ಬೇಸಿಕ್ಕನ್ನೇ ಆಡುತ್ತಿದ್ದವು. 1977ರ ಆಪಲ್ 2 ಯಂತ್ರದ ತೆರೆಯನ್ನು ಅಗಲಕ್ಕೆ 40, ಎತ್ತರಕ್ಕೆ 48 ಬಣ್ಣದ ಚೌಕಗಳಾಗಿ ವಿಭಾಗಿಸಿ, ಪ್ಲಾಟ್ ಎಂಬ ಆದೇಶದಿಂದ ಬೇಕಾದ ಚೌಕವನ್ನು ತುಂಬಬಹುದಾಗಿತ್ತು. 1982ರ ಕಮೊಡೋರ್ 64ರಲ್ಲಾದರೋ ಬೇಸಿಕ್ಕಿಗೆ ಚಿತ್ರದ ಪದವೇ ಇರಲಿಲ್ಲ. ಇದ್ದುದು ಪೋಕ್ ಎಂಬ ಒಂದೇ ಕೀಲಿಕೈ. ಸ್ಮೃತಿಯ ಇಂಥ ಮನೆಯಲ್ಲಿ ಇಂಥ ಅಂಕಿಯನ್ನು ಇಡು ಎಂಬುದೇ ಅದರ ಅರ್ಥ.

ಆ ಯಂತ್ರದ ತೆರೆಯಲ್ಲಿ 25 ಅಡ್ಡಸಾಲುಗಳು, ಸಾಲಿಗೆ 40 ಅಕ್ಷರಗಳು. ಆ ಸಾವಿರ ಸ್ಥಾನಗಳಿಗೆ ಸ್ಮೃತಿಯಲ್ಲಿ 1024ರಿಂದ 2023ರವರೆಗಿನ ಸಾವಿರ ಮನೆಗಳು ಮೀಸಲು. ಅಡ್ಡಸಾಲಿನ ಸಂಖ್ಯೆಯನ್ನು 40ರಿಂದ ಗುಣಿಸಿ, ಸಾಲಿನೊಳಗಿನ ಸ್ಥಾನವನ್ನು ಕೂಡಿಸಿ, 1024ನ್ನು ಸೇರಿಸಿದರೆ ಮನೆಯ ವಿಳಾಸ ಸಿಗುತ್ತದೆ. ಎಣಿಕೆ ಸೊನ್ನೆಯಿಂದ ಎಂಬುದನ್ನು ಮಾತ್ರ ಮರೆಯಬಾರದು. 12ನೆಯ ಸಾಲು, 20ನೆಯ ಸ್ಥಾನ ಎಂದರೆ 1524. ಅಲ್ಲಿ 81 ಎಂಬ ಅಂಕಿಯನ್ನಿಟ್ಟರೆ ತುಂಬಿದ ಚೆಂಡು ಕಾಣುತ್ತದೆ, 32ನ್ನಿಟ್ಟರೆ ಬರಿದು. ಚೆಂಡು ಓಡುವುದೆಂದರೆ ಹಳೆಯ ಮನೆಯಲ್ಲಿ 32, ಹೊಸ ಮನೆಯಲ್ಲಿ 81, ಮತ್ತೆ ಹಾಗೆಯೇ. ಹೆಜ್ಜೆ ಇಡುವ ಮುನ್ನ ಪೀಕ್ ಎಂಬ ಪದದಿಂದ ಮುಂದಿನ ಮನೆಯನ್ನು ಇಣುಕಿ ನೋಡಿ, ಅಲ್ಲಿ ಗೋಡೆಯ ಅಂಕಿ 160 ಇದ್ದರೆ ಹೆಜ್ಜೆಯ ಧನವನ್ನು ಋಣ ಮಾಡಿದರೆ ಸಾಕು, ಚೆಂಡು ಹಿಂದಿರುಗುತ್ತದೆ. ಗೋಡೆಯೂ ಇಲ್ಲ, ಚೆಂಡೂ ಇಲ್ಲ. ಇರುವುದು ಅಂಕಿಗಳು, ಒಂದು ಚಿಹ್ನೆಯ ಬದಲಾವಣೆ.

ಆಟದ ಪ್ರಾಣಿಗಳ ರೂಪವೂ ಹೀಗೆಯೇ. ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದ ಆಟಗಳ ಕೊನೆಗೆ ಡೇಟಾ ಎಂದು ಆರಂಭವಾಗುವ ಸಾಲುಸಾಲು ಅಂಕಿಗಳಿರುತ್ತಿದ್ದವು. ಚೌಕಳಿ ಕಾಗದದಲ್ಲಿ ಎಂಟು ಮನೆಗಳ ಒಂದು ಸಾಲಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕಟ್ಟಿ, ಮಸಿ ತುಂಬಿದ ಮನೆಗಳ ಬೆಲೆಯನ್ನು ಕೂಡಿದರೆ ಬರುವುದೇ ಆ ಅಂಕಿ. 24 ಎಂದರೆ ನಟ್ಟನಡುವಿನ ಎರಡು ಮನೆ. 60 ಎಂದರೆ ನಡುವಿನ ನಾಲ್ಕು. 255 ಎಂದರೆ ಎಂಟೂ ತುಂಬಿವೆ. 219 ಬಂದರೆ ಅಲ್ಲಿ ಎರಡು ಮನೆಗಳು ಬರಿದು, ಅವೇ ಪ್ರಾಣಿಯ ಕಣ್ಣುಗಳು; 36 ಬಂದರೆ ಎರಡು ಕಾಲುಗಳು. ಕಮೊಡೋರಿನಲ್ಲಿ ಅಗಲ 24, ಎತ್ತರ 21 ಚುಕ್ಕೆಗಳ ದೊಡ್ಡ ಗೊಂಬೆಯೊಂದಕ್ಕೆ ಇಂಥ 63 ಅಂಕಿಗಳು ಬೇಕು. ಇಷ್ಟನ್ನು ತಿಳಿದವನಿಗೆ ಪುಟದಲ್ಲಿ ಅರ್ಥಹೀನವಾಗಿ ಕಾಣುವ ಅಂಕಿಗಳ ಗುಂಪು ತೆರೆಯಿಲ್ಲದೆಯೇ ಚಿತ್ರವಾಗಿ ಎದ್ದು ನಿಲ್ಲುತ್ತದೆ. ಆ ಅಂಕಿಗಳನ್ನು ಓದಿಕೊಡುವ ರೀಡ್ ಮತ್ತು ಡೇಟಾ 1964ರಲ್ಲಿಯೇ ಇದ್ದ ಪದಗಳು. ಅವು ಒಂದು ದಿನ ಪ್ರಾಣಿಗಳ ಚಿತ್ರ ಬಿಡಿಸಲು ಬಂದಾವೆಂದು ಅವನ್ನು ಇಟ್ಟವರು ಎಣಿಸಿದ್ದಿರಲಾರದು.

ಕೆಮೆನಿಯವರಿಗೆ ಈ ಬೆಳವಣಿಗೆ ಹಿತವೆನಿಸಲಿಲ್ಲ. ಒಂದು ಯಂತ್ರದ ಪೋಕ್ ಇನ್ನೊಂದು ಯಂತ್ರದಲ್ಲಿ ನಿಷ್ಪ್ರಯೋಜಕ. 1524ರಲ್ಲಿ 81ನ್ನು ಇಡು ಎಂಬ ಸಾಲು, ಆ ಯಂತ್ರದ ನಕ್ಷೆಯನ್ನು ಬಲ್ಲವನಿಗಲ್ಲದೆ ಬೇರಾರಿಗೂ ಏನನ್ನೂ ತಿಳಿಸದು. ಯಂತ್ರದ ಒಳಗನ್ನು ಅರಿಯದ ಸಾಹಿತ್ಯದ ವಿದ್ಯಾರ್ಥಿಗಾಗಿ ಕಟ್ಟಿದ ಭಾಷೆ ಯಂತ್ರದ ವಿಳಾಸಗಳನ್ನು ಬಾಯಿಪಾಠ ಮಾಡಿಸುತ್ತಿದೆಯೆಂಬುದು ಅವರ ವ್ಯಥೆ. ಅಧಿಕಾರದಿಂದ ನಿವೃತ್ತರಾಗಿ ಪಾಠಕ್ಕೆ ಮರಳಿದ್ದ ಅವರು ಕರ್ಟ್ಸ್ ಅವರೊಡನೆ 1983ರಲ್ಲಿ ಟ್ರೂ ಬೇಸಿಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಭಾಷೆಯ ಪರಿಷ್ಕೃತ ರೂಪವನ್ನು ಹೊರತಂದರು. 1985ರ ಒಂದು ಗ್ರಂಥದಲ್ಲಿ ಬೇಸಿಕ್ ಹೇಗೆ ಕೆಟ್ಟಿತೆಂಬುದನ್ನು ಬಿಚ್ಚುಮಾತಿನಲ್ಲಿ ಬರೆದರು. ಹೊಸ ರೂಪದಲ್ಲಿ ಚಿತ್ರ ಬರೆಯುವವನು ಮೊದಲು ತನ್ನ ಕಿಟಕಿಯ ಅಳತೆಯನ್ನು ತಾನೇ ಗೊತ್ತುಮಾಡುತ್ತಾನೆ: ಎಡ ಅಂಚು ಸೊನ್ನೆ, ಬಲ ಅಂಚು 100, ಹೀಗೆ. ಆಮೇಲೆ ಬಿಂದುವನ್ನೂ ರೇಖೆಯನ್ನೂ ಆ ಅಳತೆಯಲ್ಲೇ ಹೇಳುತ್ತಾನೆ. ತೆರೆಯಲ್ಲಿ ನಿಜವಾಗಿ ಎಷ್ಟು ಚುಕ್ಕೆಗಳಿವೆ ಎಂಬ ಚಿಂತೆ ಯಂತ್ರದ್ದು. 25ರಿಂದ ಗುಣಿಸಿ 26 ಕೂಡಿಸುವ ಹಳೆಯ ಕಸರತ್ತು ಇಲ್ಲಿ ಬೇಕಿಲ್ಲ. ಅಲೆಯನ್ನು ಗಣಿತದ ಪುಸ್ತಕದಲ್ಲಿರುವಂತೆಯೇ ಬರೆದರಾಯಿತು.

ಇಂಥದೇ ವಿವೇಕವನ್ನು ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರದ ಬೇಸಿಕ್ 1981ರಲ್ಲೇ ತೋರಿತ್ತು. ತೆರೆಯ ಚುಕ್ಕೆಗಳು ಎಷ್ಟೇ ಇರಲಿ, ಅದರ ಚಿತ್ರದ ಆದೇಶಗಳಿಗೆ ಅಗಲ 1280, ಎತ್ತರ 1024 ಎಂಬ ಒಂದೇ ಅಳತೆ. ನಮ್ಮ ದೇಶದ ಶಾಲೆಗಳಿಗೆ ಗಣಕಶಿಕ್ಷಣವನ್ನು ಪರಿಚಯಿಸಲು ಕೇಂದ್ರ ಸರ್ಕಾರವು 1984ರಲ್ಲಿ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ, ಮೊದಲ ಹಂತದ ಸುಮಾರು 250 ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಕೆಮೆನಿಯವರ ಹೆಸರನ್ನೂ ಕೇಳಿರದ ಭಾರತದ ಮಕ್ಕಳು ಹೀಗೆ ಅವರ ಭಾಷೆಯ ವಂಶದಲ್ಲೇ ಮೊದಲ ಗೆರೆಯನ್ನು ಎಳೆದರು.

ಟ್ರೂ ಬೇಸಿಕ್ಕಿಗೆ ಹಳೆಯ ಬೇಸಿಕ್ಕಿನ ಜನಪ್ರಿಯತೆ ದೊರೆಯಲಿಲ್ಲ. ಗಣಕದೊಡನೆ ಹಾಗೆಯೇ ಬರುವ ಭಾಷೆಯಿರುವಾಗ ಬೇರೊಂದಕ್ಕೆ ಹಣ ತೆರುವವರು ವಿರಳ. ಪೋಕ್ ಕುರಿತು ಕೆಮೆನಿಯವರ ಆಕ್ಷೇಪಣೆ ನ್ಯಾಯವಾದುದೇ. ಆದರೂ ಅದರಲ್ಲಿ ಒಂದು ಪಕ್ಷಕ್ಕೆ ತುಸು ಅನ್ಯಾಯವಾಗಿದೆ ಎನ್ನದೆ ವಿಧಿಯಿಲ್ಲ. ಅಂಕಿಯೇ ಚಿತ್ರ, ವಿಳಾಸವೇ ಸ್ಥಾನ ಎಂಬ ಗುಟ್ಟು ಆ ತಲೆಮಾರಿನ ಬಾಲಕರಿಗೆ ಹೊಳೆದದ್ದು ಪೋಕ್ ಮಾಡಿ ಮಾಡಿಯೇ. ಸುಂದರವಾದ ಕಿಟಕಿ ಆ ಗುಟ್ಟನ್ನು ಮರೆಮಾಡುತ್ತದೆ. ಯಂತ್ರವನ್ನು ಮರೆತು ಗಣಿತವನ್ನು ಕಾಣಲು ಒಂದು ದಾರಿ, ಯಂತ್ರವನ್ನೇ ಕಾಣಲು ಇನ್ನೊಂದು. ಮೊದಲನೆಯದು ಕೆಮೆನಿಯವರು ತೋರಿದ್ದು. ಎರಡನೆಯದನ್ನು ಹುಡುಗರು ತಾವೇ ಹುಡುಕಿಕೊಂಡರು, ಅವರು ಕೊಟ್ಟ ಭಾಷೆಯ ಒಳಗಿನಿಂದಲೇ.

ಕೆಮೆನಿಯವರು 1990ರವರೆಗೂ ಬೋಧನೆಯಲ್ಲಿ ತೊಡಗಿದ್ದರು. 1992ರ ಡಿಸೆಂಬರ್ 26ರಂದು, ತಮ್ಮ 66ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಹಠಾತ್ತನೆ ನಿಧನ ಹೊಂದಿದರು. ಅವರ ಸಹವರ್ತಿ ಕರ್ಟ್ಸ್ ಅವರು 2024ರ ನವೆಂಬರಿನವರೆಗೆ ಬದುಕಿದ್ದರು. ಡಾರ್ಟ್‌ಮತ್ ಕಾಲೇಜಿನ ಗಣಿತ ವಿಭಾಗವು ಇಂದು ಕೆಮೆನಿಯವರ ಹೆಸರನ್ನು ಹೊತ್ತ ಕಟ್ಟಡದಲ್ಲಿದೆ.